ಹಳೇ ಜೋಡುನಳಿಗೆ ಕೋವಿ: 96ರ ಲೆಕ್ಕ ಮತ್ತು ಇನ್ನೊಂದಿಷ್ಟು ಟಿಪ್ಪಣಿ

ಹಕ್ಕಿ ಶಿಕಾರಿಯ ಹಳೇ ಕೋವಿಗಳ ಬಗ್ಗೆ ಓದಲು ಶುರು ಮಾಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಕೆತ್ತನೆ, ವಾಲ್‌ನಟ್ ಮರ, ತಯಾರಕರ ಹೆಸರು. ಅದನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ನಾನು ಇಲ್ಲಿ ತೆಗೆದುಕೊಂಡಿರುವುದು ಸುಮಾರು 1875ರಿಂದ ಎರಡನೇ ಮಹಾಯುದ್ಧದವರೆಗೆ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ 12 ಬೋರಿನ ಜೋಡುನಳಿಗೆ. ಗ್ರೌಸ್, ಫೆಸೆಂಟ್, ಪಾರ್ಟ್ರಿಜ್ ಹೊಡೆಯಲೆಂದೇ ಮಾಡಿದ್ದು. ಎರಡು ನಳಿಗೆ ಅಕ್ಕಪಕ್ಕ, ಉದ್ದ 28ರಿಂದ 30 ಇಂಚು, ತೂಕ ಆರೂವರೆ ಪೌಂಡಿನ ಆಸುಪಾಸು. ಅದೇ ಕಾಲದ ಬಾತುಕೋಳಿ ಕೋವಿಗಳು ಇದಕ್ಕಿಂತ ಭಾರ, ಅವುಗಳ ಕಥೆ ಬೇರೆ.

ಇತಿಹಾಸ, ಬೇಗ ಬೇಗ

ಮೊದಲು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಶೆಯ ಮಡಚುವ ಕೋವಿ ಕಂಡಮೇಲೆ ಇಂಗ್ಲಿಷ್ ತಯಾರಕರು ಹಿಂದಿನಿಂದ ತೋಟಾ ಹಾಕುವ ಕೋವಿಗಳತ್ತ ತಿರುಗಿದರು. 1875ರಲ್ಲಿ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಕುದುರೆಯನ್ನು (ಈಡು ಹಾರಿಸಲು ಬಡಿಯುವ ಸುತ್ತಿಗೆ) ಒಳಗೆ ಅಡಗಿಸಿದ ಬಾಕ್ಸ್‌ಲಾಕ್ ತಂದರು. 1880ರಲ್ಲಿ ಬೀಸ್ಲಿ ಮಾಡಿದ, ತಾನೇ ತೆರೆದುಕೊಳ್ಳುವ, ಯಂತ್ರಭಾಗ ಪಕ್ಕದ ತಗಡಿನ ಮೇಲಿರುವ ಸೈಡ್‌ಲಾಕ್ ಪರ್ಡಿ ಕಂಪನಿಗೆ ಹೋಯಿತು. ಖಾಲಿ ತೋಟಾವನ್ನು ಹೊರಗೆ ಎಸೆಯುವ ಇಜೆಕ್ಟರ್ ಕೂಡ ಬಂತು. 1900ರ ಹೊತ್ತಿಗೆ ರೂಪ ಹೆಚ್ಚುಕಡಿಮೆ ನಿಂತುಬಿಟ್ಟಿತ್ತು.

ಹೊಸದೆಲ್ಲ ಬೇಕೇ ಬೇಕು ಅಂತೇನೂ ಇರಲಿಲ್ಲ. ಆ ಕಾಲದ ಹೆಸರಾಂತ ಗುರಿಕಾರ, ನಮ್ಮ ವೈಸ್‌ರಾಯ್ ಆಗಿದ್ದ ರಿಪನ್ನರ ಮಗ ಎರಡನೇ ಲಾರ್ಡ್ ರಿಪನ್, ಮತ್ತು ದೊರೆ ಐದನೇ ಜಾರ್ಜ್, ಇಬ್ಬರೂ ಹೊರಗೆ ಕುದುರೆ ಕಾಣುವ ಪರ್ಡಿ ಕೋವಿಗಳನ್ನೇ ಇಷ್ಟಪಟ್ಟವರು.

ಬೋರ್

ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿ. ಒಂದೊಂದು 37.8 ಗ್ರಾಂ, ಅಡ್ಡಳತೆ 18.5 ಮಿಲಿಮೀಟರ್. ಅದು 12 ಬೋರ್. 20 ಗುಂಡು ಮಾಡಿದರೆ ಗುಂಡು ಚಿಕ್ಕದಾಗುತ್ತದೆ, ನಳಿಗೆ 15.6 ಮಿ.ಮೀ. ಸಂಖ್ಯೆ ಜಾಸ್ತಿ ಆದಷ್ಟೂ ನಳಿಗೆ ಸಣ್ಣದಾಗುವುದು ಇದಕ್ಕೇ. .410 ಮಾತ್ರ ಈ ಲೆಕ್ಕದಲ್ಲಿ ಇಲ್ಲ, ಅದು ನೇರ ಇಂಚಿನ ಅಳತೆ.

96ರ ಲೆಕ್ಕ (ನಾನು ತುಂಬ ಹೊತ್ತು ನಿಂತ ಜಾಗ)

ಬರ್ಮಿಂಗ್‌ಹ್ಯಾಮಿನ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರ್ ಹೆಸರಿನಲ್ಲಿ ಒಂದು ನಿಯಮ ಓಡಾಡುತ್ತದೆ: ಕೋವಿಯ ತೂಕ ಚರೆಯ (ತೋಟಾದೊಳಗಿನ ಸೀಸದ ಸಣ್ಣ ಗುಂಡುಗಳ) ತೂಕದ 96 ಪಟ್ಟು ಇರಬೇಕು. ಓದಿದ ಕೂಡಲೇ ತಲೆಯಲ್ಲಿ ಏಳುವ ಪ್ರಶ್ನೆ, 96 ಯಾಕೆ? 100 ಯಾಕಲ್ಲ?

ಅರ್ಧ ಉತ್ತರ ಇಂಗ್ಲಿಷ್ ಅಳತೆಯಲ್ಲೇ ಇದೆ. ಒಂದು ಪೌಂಡಿಗೆ 16 ಔನ್ಸ್. ಆರು ಪೌಂಡಿಗೆ 96 ಔನ್ಸ್. ಅಂದರೆ ಆರು ಪೌಂಡ್ ಕೋವಿಗೆ ಒಂದು ಔನ್ಸ್ ಚರೆ. ಅಲ್ಲಿಂದ ಮುಂದೆ ಕೋವಿಗೆ ಆರು ಔನ್ಸ್ ಸೇರಿದಾಗಲೆಲ್ಲ ಚರೆಗೆ ಔನ್ಸಿನ ಹದಿನಾರರ ಒಂದು ಭಾಗ ಸೇರಿಸುತ್ತಾ ಹೋಗಿ. 6 ಪೌಂಡ್ 6 ಔನ್ಸಿಗೆ 1 1/16. 6 ಪೌಂಡ್ 12 ಔನ್ಸಿಗೆ 1 1/8. ಏಳೂವರೆ ಪೌಂಡಿಗೆ 1 1/4. ಬಾಯಲ್ಲೇ ಆಗುವ ಲೆಕ್ಕ. ಇಂಗ್ಲೆಂಡಿನ 12 ಬೋರಿನ ಮಾಮೂಲಿ ತೋಟಾದಲ್ಲಿ ಇದ್ದದ್ದು 1 1/16 ಔನ್ಸ್ ಚರೆ, ಸುಮಾರು 30 ಗ್ರಾಂ. ಈಗ ಈ ಹಕ್ಕಿ ಶಿಕಾರಿ ಕೋವಿ ಯಾಕೆ ಆರೂವರೆ ಪೌಂಡಿನ ಹತ್ತಿರ ನಿಲ್ಲುತ್ತದೆ ಅಂತ ಹೊಳೆಯಿತು ಅಲ್ವಾ? ಅದು ಅಂದಾಜಿಗೆ ಬಂದ ತೂಕವಲ್ಲ. ತೋಟಾ ಮೊದಲು, ಕೋವಿ ಆಮೇಲೆ.

ಇನ್ನರ್ಧ ಉತ್ತರ ಒದೆತದಲ್ಲಿದೆ. ಚರೆ ಮುಂದಕ್ಕೆ ಹೋದಷ್ಟೇ ಸಂವೇಗದಲ್ಲಿ ಕೋವಿ ಹಿಂದಕ್ಕೆ ಬರಬೇಕು. ಚರೆಯ ವೇಗ ಸೆಕೆಂಡಿಗೆ 400 ಮೀಟರ್ ಅಂತಿಟ್ಟುಕೊಳ್ಳಿ. ಕೋವಿ 96 ಪಟ್ಟು ಭಾರ ಇದ್ದರೆ ಅದು ಹಿಂದೆ ಬರುವ ವೇಗ 400 ÷ 96, ಅಂದರೆ 4.2 ಮೀಟರ್. ಮದ್ದಿನ ಹೊಗೆ ಮತ್ತು ವಾಡ್ (ಮದ್ದು ಮತ್ತು ಚರೆಯ ನಡುವಿನ ಬಿಲ್ಲೆ) ಸೇರಿದರೆ ನಿಜವಾದ ವೇಗ ಇನ್ನೂ ಜಾಸ್ತಿ, ಆದರೆ ಹೋಲಿಸಿ ನೋಡಲು ಇಷ್ಟು ಸಾಕು. ಈಗ ಅದೇ ಕೋವಿಗೆ 36 ಗ್ರಾಂ ತೋಟಾ ಹಾಕಿ. ಕೋವಿ 2.88 ಕಿಲೋ, ಪಟ್ಟು 80ಕ್ಕೆ ಇಳಿಯಿತು. 400 ÷ 80, ಸೆಕೆಂಡಿಗೆ 5 ಮೀಟರ್.

4.2ರಿಂದ 5, ಅಷ್ಟೇ ತಾನೇ ಅನ್ನಿಸುತ್ತದೆ. ಇಲ್ಲಿ ನಿಧಾನವಾಗಿ ಓದಿ. ಭುಜಕ್ಕೆ ಬಡಿಯುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 96 ÷ 80 ಅಂದರೆ 1.2. 1.2 × 1.2 ಅಂದರೆ 1.44. ಚರೆ ನೂರಕ್ಕೆ 20 ಹೆಚ್ಚಾಯಿತು, ಒದೆತ ನೂರಕ್ಕೆ 44 ಹೆಚ್ಚಾಯಿತು! ಒಂದೆರಡು ಈಡಿಗೆ ಪರವಾಗಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನೂರಾರು ಈಡು ಹಾರಿಸುವವರಿಗೆ ಸಂಜೆ ತಲೆನೋವು, ಮಾರನೇ ದಿನ ಕಣ್ಣು ಮುಚ್ಚಿ ಟ್ರಿಗರ್ ಎಳೆಯುವ ಚಾಳಿ.

ಹಾಗಾದರೆ ಕೋವಿಯನ್ನೇ ಭಾರ ಮಾಡಬಹುದಲ್ಲ? ಮಾಡಬಹುದು, ಆದರೆ ದಿನವಿಡೀ ಹೊತ್ತು ನಡೆಯಬೇಕು, ಹಕ್ಕಿ ಎದ್ದ ಕ್ಷಣಕ್ಕೆ ಎತ್ತಬೇಕು. 96 ಈ ಎರಡರ ನಡುವಿನ ರಾಜಿ. ತೂಕ ಎಲ್ಲಿದೆ ಅನ್ನುವುದೂ ಮುಖ್ಯ. ಒಳ್ಳೆಯ ಕೋವಿಯನ್ನು ಅದರ ಮಡಚುವ ಕೀಲಿನ ಹತ್ತಿರ ಒಂದು ಬೆರಳ ಮೇಲೆ ಇಟ್ಟರೆ ತಕ್ಕಡಿಯಂತೆ ಸಮ ನಿಲ್ಲುತ್ತದೆ. ಭಾರವೆಲ್ಲ ಎರಡು ಕೈಗಳ ನಡುವೆ, ತುದಿಗಳು ಹಗುರ. ಇದಕ್ಕಾಗಿ ನಳಿಗೆಯನ್ನು ಮೂತಿಯ ಕಡೆಗೆ ಉಜ್ಜಿ ಉಜ್ಜಿ ತೆಳು ಮಾಡುತ್ತಿದ್ದರು. ನನ್ನ ಪ್ರಕಾರ ಕೆತ್ತನೆಗಿಂತ ದೊಡ್ಡ ಕಸುಬು ಇದೇ, ಫೋಟೋದಲ್ಲಿ ಮಾತ್ರ ಕಾಣುವುದಿಲ್ಲ.

ಎರಡು ಟ್ರಿಗರ್ ಯಾಕೆ

ಮುಂದಿನ ಟ್ರಿಗರ್ ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಸಾಮಾನ್ಯವಾಗಿ ಬಲ ನಳಿಗೆಯ ಮೂತಿ ಸಡಿಲ, ಎಡದ್ದು ಬಿಗಿ. ಇದೇ ಚೋಕ್. 40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದು ಅದರೊಳಗೆ ನೂರಕ್ಕೆ ಎಷ್ಟು ಚರೆ ಬಿತ್ತು ಅಂತ ಎಣಿಸುತ್ತಾರೆ. ಸಡಿಲ ಚೋಕ್ ಇಂಪ್ರೂವ್ಡ್ ಸಿಲಿಂಡರ್ ಅಂದರೆ 50, ಬಿಗಿಯಾದ ಫುಲ್ ಅಂದರೆ 70. ಇಂಗ್ಲಿಷ್ 6ನೇ ನಂಬರಿನ ಚರೆ 1 1/16 ಔನ್ಸಿಗೆ 287 ಬರುತ್ತವೆ, ಹಾಗಾಗಿ ಒಂದರಲ್ಲಿ ಸುಮಾರು 143, ಇನ್ನೊಂದರಲ್ಲಿ 200.

ಕಾಲ ಬುಡದಿಂದ ಎದ್ದ ಹಕ್ಕಿ ದೂರ ಹೋಗುತ್ತಿರುತ್ತದೆ. ಮೊದಲ ಈಡು ಹತ್ತಿರ, ಎರಡನೆಯದು ದೂರ. ಸಡಿಲ ಆಮೇಲೆ ಬಿಗಿ, ಸರಿಹೋಯಿತು. ಆದರೆ ಆಳುಗಳು ಹಕ್ಕಿಗಳನ್ನು ಎಬ್ಬಿಸಿ ಎದುರಿಗೆ ಅಟ್ಟುವ ಶಿಕಾರಿಯಲ್ಲಿ ಎಲ್ಲ ತಿರುಗುಮುರುಗು. ಮೊದಲ ಹಕ್ಕಿ ದೂರ, ಎರಡನೆಯದು ತಲೆಯ ಮೇಲೆ. ಎರಡು ಟ್ರಿಗರ್ ಇದ್ದರೆ ಬೆರಳು ಹಿಂದಿನದಕ್ಕೆ ಮೊದಲು ಹೋಗುತ್ತದೆ, ಕೆಲಸ ಮುಗಿಯಿತು. ಬಾಸ್ ಕಂಪನಿಯ ಒಂಟಿ ಟ್ರಿಗರ್ 1894ರಲ್ಲೇ ಬಂದಿದ್ದರೂ ಎರಡರದ್ದು ಉಳಿದುಕೊಂಡಿರುವುದು ಸುಮ್ನೆ ಅಲ್ಲ. ನೇರ ಹಿಡಿಯೂ ಇದಕ್ಕೇ ಅನುಕೂಲ: ಟ್ರಿಗರ್ ಬದಲಿಸುವಾಗ ಕೈ ಸಲೀಸಾಗಿ ಜಾರುತ್ತದೆ.

ಸ್ಟಾಕ್

ಈ ಕೋವಿಗೆ ಮೂತಿಯಲ್ಲಿ ಒಂದು ಮಣಿ ಬಿಟ್ಟರೆ ಗುರಿ ಹಿಡಿಯಲು ಬೇರೇನೂ ಇಲ್ಲ. ಹಿಂದಿನ ಗುರಿ ನಿಮ್ಮ ಕಣ್ಣೇ. ಆದ್ದರಿಂದ ಸ್ಟಾಕಿನ (ಭುಜಕ್ಕೆ ಒತ್ತುವ ಮರದ ಹಿಂಭಾಗ) ಉದ್ದ, ಇಳಿಜಾರು, ಪಕ್ಕಕ್ಕೆ ಬಾಗಿಸಿದ ಅಳತೆ ಎಲ್ಲವೂ ಮಾಲೀಕನ ಮೈಗೆ ತಕ್ಕಂತೆ. ಬೇರೊಬ್ಬರ ಮೈಗೆ ಮಾಡಿದ ಪರ್ಡಿಗಿಂತ ನಿಮಗೆ ಹೊಂದುವ ಹೆಸರಿಲ್ಲದ ಬರ್ಮಿಂಗ್‌ಹ್ಯಾಮ್ ಬಾಕ್ಸ್‌ಲಾಕ್ ಮೇಲು.

ತೋಟಾದ ಉದ್ದ

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಶಿಕಾರಿ ನಿಂತಿದೆ. ಆದರೂ ಕೊಡಗಿನಲ್ಲಿ ಲೈಸೆನ್ಸ್ ವಿನಾಯಿತಿ ಇರುವ ಕೆಲವು ಮನೆಗಳಲ್ಲಿ ಇಂಥ ಕೋವಿಗಳಿವೆ. ಕೈಲ್ ಪೊಳ್ದ್ ಹಬ್ಬಕ್ಕೆ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತವೆ. ಹಾಗಾಗಿ ಇದೊಂದು ಗಮನಿಸಿ.

ಯುದ್ಧಕ್ಕೆ ಮುಂಚಿನ ಬಹಳಷ್ಟು ಇಂಗ್ಲಿಷ್ ಕೋವಿಗಳ ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಎರಡೂವರೆ ಇಂಚು, ಅಂದರೆ 65 ಮಿ.ಮೀ. ಈಗ ಸಿಗುವ ಬಹಳಷ್ಟು ತೋಟಾ 70 ಮಿ.ಮೀ. ಮೋಸ ಎಲ್ಲಿದೆ ಅಂದರೆ, 70ರ ತೋಟಾ ಹಳೇ ಕೋವಿಯಲ್ಲಿ ಆರಾಮಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. 70 ಅನ್ನುವುದು ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಮಡಿಚಿದ ಬಾಯಿಯ ತೋಟಾ ಅದಕ್ಕಿಂತ ಗಿಡ್ಡ. ಹಾರಿದಾಗ ಬಾಯಿ ಬಿಚ್ಚಲು ಜಾಗ ಇರುವುದಿಲ್ಲ, ಒತ್ತಡ ಏರುತ್ತದೆ. ಮೊದಲೇ 70ರ ತೋಟಾದಲ್ಲಿ ಮದ್ದಿನ ಜೋರು ಜಾಸ್ತಿ ಇರಬಹುದು.

ಕೋವಿ ಬಿಚ್ಚಿ ನಳಿಗೆಯ ಅಡಿಯ ಚಪ್ಪಟೆ ಜಾಗ ನೋಡಿ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ (ಕೋವಿಯ ಬಲ ಪರೀಕ್ಷಿಸುವ ಸಂಸ್ಥೆ) ಮುದ್ರೆಗಳು ಅಲ್ಲಿರುತ್ತವೆ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆಯೇ, ಚೇಂಬರ್ ಉದ್ದ ಎಷ್ಟು ಅನ್ನುವುದನ್ನು ಅಲ್ಲಿ ಹುಡುಕಬೇಕು. ಆ ಮುದ್ರೆಗಳು ಪರೀಕ್ಷೆ ಆದ ದಿನದ ಮಾತು. ಆಮೇಲೆ ಯಾರಾದರೂ ನಳಿಗೆ ಉಜ್ಜಿ ತೆಳು ಮಾಡಿರಬಹುದು, ಚೇಂಬರ್ ಕೊರೆದು ಉದ್ದ ಮಾಡಿರಬಹುದು. ತೋಟಾ ಹಾಕುವ ಮುಂಚೆ ಕೋವಿ ರಿಪೇರಿಯವರ ಹತ್ತಿರ ಚೇಂಬರಿನ ಉದ್ದ ಮತ್ತು ನಳಿಗೆಯ ದಪ್ಪ ಎರಡನ್ನೂ ಅಳೆಸಿ.