ಗುತ್ತಿಗೆ: ಮಳೆ ಬಂದರೆ ಯಾರ ಲೆಕ್ಕಕ್ಕೆ?

ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿದ ಹುಡುಗರು ನನಗೆ ಫೋನ್ ಮಾಡಿ ಕೇಳುವುದು ಹೆಚ್ಚು ಕಡಿಮೆ ಒಂದೇ ಪ್ರಶ್ನೆ. ಹೋದ ವಾರ ಆಲೂರಿನ ಹುಡುಗನೊಬ್ಬ ಕೇಳಿದ. "ಅಣ್ಣಾ, ಒಂದು ಕಡೆ ಪರ್ಮನೆಂಟು, ವರ್ಷಕ್ಕೆ ಆರು ಲಕ್ಷ. ಇನ್ನೊಂದು ಕಡೆ ಕಾಂಟ್ರಾಕ್ಟು, ತಿಂಗಳಿಗೆ ಅರವತ್ತು ಸಾವಿರ ಕೊಡ್ತಾರಂತೆ. ಯಾವುದಕ್ಕೆ ಹೋಗ್ಲಿ?" ಕಾಂಟ್ರಾಕ್ಟ್ ಅಂದರೆ ಯಾವ ಕಾಂಟ್ರಾಕ್ಟಪ್ಪಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಾದ. ಅವನ ತಪ್ಪೇನಿಲ್ಲ. ಗುತ್ತಿಗೆ ಅನ್ನುವ ಒಂದೇ ಪದಕ್ಕೆ ನಾವು ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಅರ್ಥ ತುಂಬಿಟ್ಟಿದ್ದೇವೆ.

ಪದ ಬಹಳ ಹಳೆಯದು. ತಮಿಳಿನಲ್ಲಿ ಕುತ್ತಗೈ, ತೆಲುಗಿನಲ್ಲಿ ಗುತ್ತ. ವಿಜಯನಗರ ಕಾಲದ ಶಾಸನಗಳಲ್ಲಿ ಭೂಮಿಯನ್ನು 'ಗುತ್ತಗೆ'ಗೆ ಕೊಟ್ಟ ಮಾತು ಬರುತ್ತದೆ. ಇಷ್ಟು ಕೊಡುತ್ತೇನೆ, ಇಷ್ಟು ದಿನಕ್ಕೆ ಅಂತ ಮೊದಲೇ ಮಾತಾಡಿಕೊಂಡು, ಜಮೀನನ್ನೋ ಫಸಲನ್ನೋ ಕೆಲಸವನ್ನೋ ವಹಿಸಿಕೊಳ್ಳುವುದು ಗುತ್ತಿಗೆ. ಆಮೇಲೆ ಪರ್ಷಿಯನ್ ಭಾಷೆಯ 'ದಾರ' ಬಂದು ಅಂಟಿಕೊಂಡಿತು, ಗುತ್ತಿಗೆದಾರ ಆಯಿತು. ಇದಕ್ಕೆ ಎದುರಾಗಿ ನಾವು ಬಳಸುವ 'ಖಾಯಂ' ಅರಬ್ಬಿ ಮೂಲದ್ದು. ನಿಂತಿರುವುದು ಅಂತ ಅರ್ಥ. ಫ್ರೀಲಾನ್ಸ್ ಅನ್ನುವ ಇಂಗ್ಲಿಷ್ ಪದದಲ್ಲಿರುವ ಲಾನ್ಸ್ ಅಂದರೆ ಈಟಿ. ಯಾವ ದೊರೆಗೂ ಸೇರದೆ, ದುಡ್ಡು ಕೊಟ್ಟವರ ಪರವಾಗಿ ಈಟಿ ಹಿಡಿಯುವ ಕುದುರೆ ಸವಾರನಿಗೆ ಇಂಗ್ಲಿಷ್ ಲೇಖಕರು ಕೊಟ್ಟ ಹೆಸರು ಅದು.

ಆದರೆ ನನಗೆ ಈ ಪದದ ಅರ್ಥ ತಿಳಿದದ್ದು ನಿಘಂಟಿನಿಂದಲ್ಲ, ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ತೋಟದಲ್ಲಿ. ಡಿಸೆಂಬರ್, ಅರೇಬಿಕಾ ಕೊಯ್ಲು ನಡೀತಾ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಕಾಲವಲ್ಲದ ಮಳೆ ಹಿಡಿಯಿತು. ಸಂಜೆ ಕಣದ ಪಕ್ಕದ ಶೆಡ್ಡಿನಲ್ಲಿ ತೂಕ. ತೋಟದ ಲೆಕ್ಕ ಬರೆಯುವ ರೈಟರ್ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಪುಸ್ತಕ ಹಿಡಿದು ಕೂತಿದ್ದರು. ತೋಟದೊಳಗಿನ ಲೈನ್ ಮನೆಯಲ್ಲಿರುವ ಖಾಯಂ ಆಳುಗಳು ಬಂದರು. ಚೀಲದಲ್ಲಿ ಎಷ್ಟೇ ಹಣ್ಣಿರಲಿ, ಚೆಕ್‌ರೋಲಿನಲ್ಲಿ ಅವರ ಹೆಸರಿನ ಮುಂದೆ ಅವತ್ತಿನ ಹಾಜರಿ ಬಿತ್ತು. ಅವರ ಹಿಂದೆ ಹೊರಗಿನಿಂದ ಬಂದ ಕಾಂಟ್ರಾಕ್ಟ್ ಗುಂಪು. ಅವರದು ಕೆಜಿ ಲೆಕ್ಕ. ಅದರಲ್ಲಿ ಒಬ್ಬ ಹೆಂಗಸು ದಿನಾ ಎಲ್ಲರಿಗಿಂತ ಜಾಸ್ತಿ ಕೊಯ್ಯುತ್ತಿದ್ದಳು. ಒಳ್ಳೆಯ ದಿನ ಖಾಯಂ ಆಳಿನ ಕೂಲಿಗಿಂತ ಎಷ್ಟೋ ಹೆಚ್ಚು ತೆಗೆದುಕೊಂಡು ಹೋಗುತ್ತಿದ್ದಳು. ಅವತ್ತು ಅವಳ ಚೀಲ ಅರ್ಧವೂ ತುಂಬಿರಲಿಲ್ಲ. ತಕ್ಕಡಿ ಮುಳ್ಳು ನಿಲ್ಲುವವರೆಗೂ ಅದನ್ನೇ ನೋಡುತ್ತಾ ನಿಂತಿದ್ದಳು. ಸೀರೆ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಖಾಯಂ ಆದರೆ ಮಳೆ ಮಾಲೀಕನ ಲೆಕ್ಕಕ್ಕೆ. ಗುತ್ತಿಗೆ ಆದರೆ ಮಳೆ ನಿನ್ನ ಲೆಕ್ಕಕ್ಕೆ. ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವ ಕೆಲಸಕ್ಕೂ ಇದೇ ಅಳತೆ. ಅಲ್ಲಿ ಮಳೆ ಅಂದರೆ ಜ್ವರ, ಕೆಲಸ ಸಿಗದ ತಿಂಗಳು, ಬಿಲ್ ಪಾಸಾಗದ ತಿಂಗಳು, ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ವಾರ.

ಕನ್ನಡ ಕ್ರಿಯಾಪದದಲ್ಲೇ ಈ ವ್ಯತ್ಯಾಸ ಇದೆ ನೋಡಿ. ಖಾಯಂ ನೌಕರ ಕೆಲಸ 'ಮಾಡುತ್ತಾನೆ'. ಗುತ್ತಿಗೆಯವನು ಕೆಲಸ 'ಮಾಡಿಕೊಡುತ್ತಾನೆ'. ಕಾನೂನು ನೋಡುವುದೂ ಇದನ್ನೇ: ಕೆಲಸ ಏನು ಅಂತ ಮಾತ್ರ ಹೇಳುತ್ತಾರಾ, ಹೇಗೆ ಮಾಡಬೇಕು ಅಂತಲೂ ಹೇಳುತ್ತಾರಾ? ಸೌರಾಷ್ಟ್ರದ ಧ್ರಾಂಗಧ್ರಾದ ಉಪ್ಪಿನ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1956ರಲ್ಲಿ ಇದನ್ನೇ ನೋಡಿತು. ಅವರಿಗೆ ಕೊಡುತ್ತಿದ್ದದ್ದು ಉಪ್ಪಿನ ತೂಕಕ್ಕೆ ತಕ್ಕ ದುಡ್ಡು. ಸಹಾಯಕ್ಕೆ ಬೇರೆಯವರನ್ನೂ ಅವರೇ ಕರೆತರುತ್ತಿದ್ದರು. ಆದರೂ ಕೆಲಸದ ಪ್ರತಿ ಹಂತದಲ್ಲೂ ಕಂಪನಿಯ ಹಿಡಿತ ಇದ್ದದ್ದರಿಂದ ಅವರು ಕಾರ್ಮಿಕರೇ ಅಂತ ತೀರ್ಪಾಯಿತು. ಕಾಗದದಲ್ಲಿ 'ಕನ್ಸಲ್ಟೆಂಟ್' ಅಂತ ಬರೆದು, ಬೆಳಗ್ಗೆ ಒಂಬತ್ತೂವರೆಗೆ ಹಾಜರಿ ಹಾಕಿಸಿಕೊಂಡು, ರಜಕ್ಕೆ ಅರ್ಜಿ ಬರೆಸಿಕೊಳ್ಳುವ ಕಂಪನಿಗಳನ್ನು ಕಂಡಾಗ ನನಗೆ ಈ ತೀರ್ಪು ನೆನಪಾಗುತ್ತದೆ. ಹಿಡಿತ ಪೂರ್ತಿ ಅವರದು, ಮಳೆ ಮಾತ್ರ ನಿಮ್ಮದು. ಇದು ಅನ್ಯಾಯ.

ಈಗ ಆ ಮೂರು ನಾಲ್ಕು ಅರ್ಥಕ್ಕೆ ಬರೋಣ. ಒಂದು ಹೊರಗುತ್ತಿಗೆ. ನೀವು ಕೂರುವುದು ಒಂದು ಕಂಪನಿಯಲ್ಲಿ, ಸಂಬಳ ಕೊಡುವುದು ಮಧ್ಯದ ಏಜೆನ್ಸಿ. ಇಲ್ಲಿ ನೀವು ನೌಕರರೇ. ಪಿಎಫ್, ಅಂದರೆ ಭವಿಷ್ಯ ನಿಧಿ ಇರುತ್ತದೆ, ತಿಂಗಳ ಸಂಬಳ 21,000ದ ಒಳಗಿದ್ದರೆ ಸಾಮಾನ್ಯವಾಗಿ ನೌಕರರ ವಿಮೆಯಾದ ಇಎಸ್‌ಐ ಕೂಡ. ಎರಡನೆಯದು ನಿಗದಿತ ಅವಧಿಯ ನೌಕರಿ. ಕಂಪನಿಯೇ ನೇರವಾಗಿ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ತೆಗೆದುಕೊಳ್ಳುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಇಂಥವರಿಗೆ ಒಂದು ವರ್ಷ ಮುಗಿದರೆ ಸಾಕು, ಕೆಲಸ ಬಿಡುವಾಗ ಕೊಡುವ ಇಡುಗಂಟು, ಅಂದರೆ ಗ್ರಾಚ್ಯುಟಿ ಸಿಗುತ್ತದೆ. ಖಾಯಂ ನೌಕರರಿಗೆ ಐದು ವರ್ಷ ಬೇಕು. ಮೂರನೆಯದು ಸ್ವಂತ ಗುತ್ತಿಗೆ, ಅಂದರೆ ಫ್ರೀಲಾನ್ಸ್. ಇಲ್ಲಿ ನೀವು ಯಾರ ನೌಕರರೂ ಅಲ್ಲ, ನೀವೇ ಒಂದು ಸಣ್ಣ ಉದ್ಯಮ.

ಯಾವುದು ಅಂತ ಗೊತ್ತಾಗದಿದ್ದರೆ ಸುಲಭದ ಗುರುತು ಒಂದಿದೆ. ಪಿಎಫ್ ಹಿಡಿಯುತ್ತೀರಾ, ಅಥವಾ ವೃತ್ತಿ ಶುಲ್ಕ ಅಂತ ದುಡ್ಡು ಕೊಡುವ ಮೊದಲೇ 10% ತೆರಿಗೆ, ಅಂದರೆ ಟಿಡಿಎಸ್ ಹಿಡಿಯುತ್ತೀರಾ ಅಂತ ಎಚ್‌ಆರ್‌ನವರನ್ನು ಕೇಳಿ. ಎರಡನೆಯದು ಅಂದರೆ, ಅವರ ಪುಸ್ತಕದಲ್ಲಿ ನೀವು ನೌಕರರ ಸಾಲಿನಲ್ಲಿಲ್ಲ.

ಸರ್ಕಾರಿ ಗುತ್ತಿಗೆಯ ಮಾತೇ ಬೇರೆ. ನಮ್ಮ ಕಡೆ ಮನೆಗೊಬ್ಬರಾದರೂ ಅತಿಥಿ ಉಪನ್ಯಾಸಕರೋ ಹೊರಗುತ್ತಿಗೆ ಡಾಟಾ ಎಂಟ್ರಿಯವರೋ ಇರುತ್ತಾರೆ, ಅಲ್ವಾ. ಇವತ್ತಲ್ಲ ನಾಳೆ ಖಾಯಂ ಆಗುತ್ತೆ ಅಂತ ಹತ್ತು ವರ್ಷ ಕಾಯುತ್ತಾರೆ. 2006ರ ಏಪ್ರಿಲ್ 10ರಂದು ಬಂದ ಉಮಾದೇವಿ ತೀರ್ಪು ಕರ್ನಾಟಕದ್ದೇ ಪ್ರಕರಣ. ಎಷ್ಟು ವರ್ಷ ದುಡಿದರೂ, ನಿಯಮದ ಪ್ರಕಾರ ನೇಮಕ ಆಗದವರಿಗೆ ಖಾಯಂ ಮಾಡಿ ಅಂತ ಕೇಳುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಅದಕ್ಕೇ ಹೇಳುತ್ತೇನೆ, ಗುತ್ತಿಗೆಯನ್ನು ಖಾಯಂ ಕೆಲಸದ ಹೊಸ್ತಿಲು ಅಂದುಕೊಂಡು ವಯಸ್ಸು ಕಳೆಯಬೇಡಿ. ಅವತ್ತಿಗೆ ಅದು ಏನು ಕೊಡುತ್ತದೋ ಅಷ್ಟನ್ನೇ ಲೆಕ್ಕ ಹಾಕಿ.

ಲೆಕ್ಕ ಅಂದೆ. ಅಲ್ಲೇ ಜಾಸ್ತಿ ಜನ ಎಡವುವುದು. ಆಲೂರಿನ ಹುಡುಗ ಆರು ಲಕ್ಷವನ್ನು ಹನ್ನೆರಡರಿಂದ ಭಾಗಿಸಿದ. ಐವತ್ತು ಸಾವಿರ ಬಂತು. ಅರವತ್ತು ಜಾಸ್ತಿ ಅಂದುಕೊಂಡ. ನಾವಿಬ್ಬರೂ ಫೋನಿನಲ್ಲೇ ಕೂತು ಮತ್ತೆ ಹಾಕಿದೆವು. ಅವನದು ಸ್ವಂತ ಗುತ್ತಿಗೆ ಅಂತಲೇ ಇಟ್ಟುಕೊಳ್ಳೋಣ. ವರ್ಷಕ್ಕೆ 365 ದಿನ. ಶನಿವಾರ ಭಾನುವಾರ ಕಳೆದರೆ 261. ಹಬ್ಬ ಹತ್ತು, ರಜ ಹದಿನೈದು, ಕಾಯಿಲೆ ಆರು. ಉಳಿದದ್ದು 230. ಖಾಯಂ ನೌಕರನಿಗೆ ಆ 31 ದಿನಕ್ಕೂ ಸಂಬಳ ಇದೆ, ಇವನಿಗೆ ಇಲ್ಲ. ಒಂದು ಕೆಲಸ ಮುಗಿದು ಇನ್ನೊಂದು ಸಿಗುವವರೆಗಿನ ಖಾಲಿ ದಿನ, ಕೆಲಸ ಹುಡುಕುವ ದಿನ, ಬಿಲ್ಲು ಪತ್ರ ಬರೆಯುವ ದಿನ ಅಂತ ಐವತ್ತು ತೆಗೆಯಿರಿ. ದುಡ್ಡು ಹುಟ್ಟುವ ದಿನ 180. ಆರು ಲಕ್ಷದ ಮೇಲೆ ಮನೆಯವರ ಆರೋಗ್ಯ ವಿಮೆ, ಲ್ಯಾಪ್‌ಟಾಪ್, ಇಂಟರ್‌ನೆಟ್, ಕರೆಂಟ್ ಹೋದಾಗ ಬೇಕಾದ ಯುಪಿಎಸ್, ಆಡಿಟರ್ ಫೀಸು ಎಲ್ಲ ಸೇರಿ ಒಂದು ಲಕ್ಷ ಖರ್ಚು. ಏಳು ಲಕ್ಷವನ್ನು 180ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 3,900 ರೂಪಾಯಿ. ಅದೇ ಆರು ಲಕ್ಷವನ್ನು 261ರಿಂದ ಭಾಗಿಸಿದರೆ 2,300. ಅಂದರೆ ಖಾಯಂ ಕೆಲಸಕ್ಕೆ ಸರಿಸಮ ಆಗಬೇಕಾದರೆ ಗುತ್ತಿಗೆಯವನ ದಿನದ ದರ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಇರಬೇಕು. ಹತ್ತು ಸಾವಿರ ಜಾಸ್ತಿ ಕೊಟ್ಟರೆ ಮಳೆ ದಿನದ ಖರ್ಚೂ ಹುಟ್ಟುವುದಿಲ್ಲ.

ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನಲ್ಲಿ ಏನೇನು ಸೇರಿದೆ ಅಂತಲೂ ಬಿಡಿಸಿ ನೋಡಬೇಕು. ಮೂಲ ವೇತನ 25,000 ಇದ್ದು, ಪೂರ್ತಿ ಅದರ ಮೇಲೇ ಪಿಎಫ್ ಕಟ್ಟುವ ಕಂಪನಿಯಾದರೆ ನಿಮ್ಮಿಂದ 12%, ಕಂಪನಿಯಿಂದ 12%, ಒಟ್ಟು ತಿಂಗಳಿಗೆ 6,000. ಐದು ವರ್ಷ ದುಡಿದು ಬಿಟ್ಟರೆ ಗ್ರಾಚ್ಯುಟಿ ಸುಮಾರು 72,000. ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳನ್ನು 26 ದಿನ ಅಂತ ಹಿಡಿದು ಮಾಡುವ ಲೆಕ್ಕ ಅದು. ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಗುಂಪು ವಿಮೆ. ಅಪ್ಪ ಅಮ್ಮನಿಗೆ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಕಂಪನಿಯ ವಿಮೆಯಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ಸೇರುತ್ತವೆ. ಸ್ವಂತವಾಗಿ ಮಾಡಿಸಿದರೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದೇ ಕಾರಣಕ್ಕೆ ಖಾಯಂ ಕೆಲಸ ಹಿಡಿದರೂ ತಪ್ಪಿಲ್ಲ.

ಹಾಗಂತ ನಾನು ಗುತ್ತಿಗೆಯ ವಿರೋಧಿ ಅಲ್ಲ. ನಾನೇ ಎಂಟು ವರ್ಷದಿಂದ ಸ್ವಂತ ಗುತ್ತಿಗೆಯಲ್ಲಿ ಬದುಕುತ್ತಿದ್ದೇನೆ, ಅದರ ಸುಖ ಗೊತ್ತು. ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ ಬೆಳಗ್ಗೆ ನಾನು ಊರಿನಲ್ಲಿರುತ್ತೇನೆ. ಒಂದೇ ಕಡೆಯಿಂದ ಬರುವ ಸಂಬಳದ ಬದಲು ಮೂರು ಕಡೆಯಿಂದ ದುಡ್ಡು ಬರುತ್ತದೆ, ಒಂದು ನಿಂತರೂ ಎರಡು ಇರುತ್ತವೆ. ಕಾಫಿ ಜೊತೆ ಮೆಣಸು ಹಬ್ಬಿಸುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆರಿಗೆಯಲ್ಲೂ ಅನುಕೂಲ ಇದೆ. ಇಂಜಿನಿಯರಿಂಗ್, ತಾಂತ್ರಿಕ ಸಲಹೆಯಂಥ ನಿಗದಿತ ವೃತ್ತಿಯವರು ವರ್ಷಕ್ಕೆ 50 ಲಕ್ಷದ ಒಳಗೆ ಗಳಿಸಿದರೆ, ಬಂದದ್ದರಲ್ಲಿ ಅರ್ಧವನ್ನೇ ಆದಾಯ ಅಂತ ತೋರಿಸಬಹುದು. ಸೇವೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ 20 ಲಕ್ಷ ದಾಟಿದ ಮೇಲೆ.

ನನಗೆ ಬಿದ್ದ ಏಟು ಒಂದನ್ನು ಹೇಳಿಬಿಡುತ್ತೇನೆ. ಶುರುವಿನಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಮೂರು ತಿಂಗಳ ಕೆಲಸ ಮಾಡಿಕೊಟ್ಟೆ. ಬಿಲ್ ಕಳಿಸಿದೆ. ಮುಂದಿನ ವಾರ, ಮುಂದಿನ ತಿಂಗಳು ಅಂತ ಐದು ತಿಂಗಳು ತಳ್ಳಿದರು. ಆ ವರ್ಷ ತಂಗಿಯ ಮದುವೆ ಇತ್ತು. ಅಪ್ಪನ ಹತ್ತಿರ ಕೈಚಾಚಬೇಕಾಗಿ ಬಂತು, ಅದು ಇನ್ನೂ ಮನಸ್ಸಿನಲ್ಲಿದೆ. ಅವತ್ತು ನನಗೆ ಗೊತ್ತಿಲ್ಲದ ಕಾನೂನು ಒಂದಿತ್ತು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮಕ್ಕೆ ಬರೆದುಕೊಂಡ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೆ ಬೇಕಾದ 'ಉದ್ಯಮ್' ನೋಂದಣಿ ಆನ್‌ಲೈನಿನಲ್ಲಿ ಉಚಿತ. ಒಬ್ಬರೇ ಕೂತು ಕೆಲಸ ಮಾಡುವವರೂ ಮಾಡಿಸಿಕೊಳ್ಳಬಹುದು. ಈಗ ನನ್ನ ಪ್ರತಿ ಬಿಲ್ಲಿನ ಕೆಳಗೆ ಆ ನಂಬರ್ ಇರುತ್ತದೆ. ಫ್ರೀಲಾನ್ಸ್ ಶುರು ಮಾಡುವವರು ಮೊದಲ ದಿನವೇ ಮಾಡಿಸಿ ದಯವಿಟ್ಟು. ಜೊತೆಗೆ ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿಡಿ. ಮುಂಗಡ ತೆರಿಗೆಯ ನಾಲ್ಕು ಕಂತನ್ನು, ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ನೇ ತಾರೀಖು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅರ್ಧವನ್ನೇ ಆದಾಯ ಅಂತ ತೋರಿಸುವವರಿಗೆ ಮಾರ್ಚ್ 15ರ ಒಂದೇ ಕಂತು ಸಾಕು.

ಆಲೂರಿನ ಹುಡುಗ ಮಾರನೇ ದಿನ ಆಫರ್ ಪತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದ. ಮೂರನೇ ಪುಟದಲ್ಲಿ ಇತ್ತು: ಪಿಎಫ್ ಇಲ್ಲ, 10% ಟಿಡಿಎಸ್, ರಜ ತೆಗೆದುಕೊಂಡ ದಿನಕ್ಕೆ ದುಡ್ಡಿಲ್ಲ, ಹದಿನೈದು ದಿನದ ನೋಟಿಸಿನಲ್ಲಿ ಮುಗಿಸಬಹುದು. ಕೆಲಸದ ವೇಳೆ ಮಾತ್ರ ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ, ಆಫೀಸಿನಲ್ಲೇ. "ದಿನಕ್ಕೆ 3,900 ಕೇಳ್ಲಾ ಅಣ್ಣಾ? ಬೈತಾರೇನೋ" ಅಂದ. ಕೇಳು, ಇಲ್ಲ ಅಂದರೆ ಆರು ಲಕ್ಷದ್ದು ಇದ್ದೇ ಇದೆಯಲ್ಲ ಅಂದೆ. ಮೇಲ್ ಕಳಿಸಿದ್ದಾನೆ. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ. ಖಾಯಂ ಕೆಲಸಕ್ಕೆ ಒಪ್ಪಿಗೆ ಹೇಳಲು ಅವನಿಗೆ ಸೋಮವಾರದವರೆಗೆ ಸಮಯ ಇದೆ.