ಪಟ್ಟಿಯಿಂದ ಹೊರಬಿದ್ದ ಲಿವರ್‌ಪೂಲ್

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮರ್ಸಿ ನದಿಯ ದಡದ ಪಿಯರ್ ಹೆಡ್‌ಗೆ ಹೋದವರೆಲ್ಲ ಮೊದಲು ಕತ್ತೆತ್ತಿ ಮೇಲೆ ನೋಡುತ್ತಾರೆ. ರಾಯಲ್ ಲಿವರ್ ಬಿಲ್ಡಿಂಗ್‌ನ ಎರಡು ಗೋಪುರಗಳ ತುದಿಯಲ್ಲಿ ರೆಕ್ಕೆ ಬಿಚ್ಚಿಕೊಂಡು ನಿಂತ ಎರಡು ತಾಮ್ರದ ಹಕ್ಕಿಗಳಿವೆ. ಒಂದರ ಮುಖ ನದಿಯ ಕಡೆಗೆ, ಇನ್ನೊಂದರದ್ದು ಊರಿನ ಕಡೆಗೆ. ಇವು ಹಾರಿಹೋದರೆ ಊರೇ ಇಲ್ಲವಾಗುತ್ತದೆ ಅಂತ ಅಲ್ಲಿನವರ ನಂಬಿಕೆ. ಅವನ್ನು ರೂಪಿಸಿದ ಕಾರ್ಲ್ ಬಾರ್ಟೆಲ್ಸ್ ಜರ್ಮನಿಯಿಂದ ಬಂದವನು. ಮೊದಲ ಮಹಾಯುದ್ಧ ಶುರುವಾದಾಗ ಶತ್ರು ದೇಶದವನೆಂದು ಅವನನ್ನು ಸೆರೆಯಲ್ಲಿಟ್ಟರು, ಆಮೇಲೆ ಜರ್ಮನಿಗೇ ಸಾಗಹಾಕಿದರು. ಹಕ್ಕಿಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಆದರೆ ನಾನು ಹೇಳಹೊರಟ ವಿಷಯ ಇರುವುದು ಕಾಲ ಕೆಳಗೆ. ರಾಯಲ್ ಲಿವರ್ ಬಿಲ್ಡಿಂಗ್, ಅದರ ಪಕ್ಕದ ಕ್ಯೂನಾರ್ಡ್ ಬಿಲ್ಡಿಂಗ್, ಅದರಾಚೆಯ ಪೋರ್ಟ್ ಆಫ್ ಲಿವರ್‌ಪೂಲ್ ಬಿಲ್ಡಿಂಗ್ ಈ ಮೂರನ್ನೂ ಸೇರಿಸಿ 'ತ್ರೀ ಗ್ರೇಸಸ್' ಅನ್ನುತ್ತಾರೆ. ಊರಿನ ಪೋಸ್ಟ್‌ಕಾರ್ಡ್‌ಗಳಲ್ಲಿ ಕಾಣುವುದು ಇವೇ. ಇವು ನಿಂತಿರುವ ಜಾಗದಲ್ಲಿ ಮೊದಲು ನೀರಿತ್ತು. 1771ರಲ್ಲಿ ತೆರೆದ ಜಾರ್ಜಸ್ ಡಾಕ್ ಅದು. ಡಾಕ್ ಅಂದರೆ ಹಡಗು ನಿಲ್ಲಿಸಲು ದಡದಲ್ಲಿ ಕಟ್ಟಿದ ನೀರಿನ ಕೊಳ. 1900ರ ಸುಮಾರಿಗೆ ಅದನ್ನು ಮುಚ್ಚಿ, ಮೇಲೆ ಈ ಕಟ್ಟಡಗಳನ್ನು ಎಬ್ಬಿಸಿದರು. ಕ್ಯೂನಾರ್ಡ್ ಕಟ್ಟಡದ ನೆಲಮಾಳಿಗೆಯಲ್ಲಿ ಆ ಡಾಕಿನ ಗೋಡೆಯ ತುಂಡು ಇವತ್ತಿಗೂ ಇದೆ.

2021ರ ಜುಲೈ 21ರಂದು ಯುನೆಸ್ಕೊ ಲಿವರ್‌ಪೂಲನ್ನು ವಿಶ್ವ ಪರಂಪರೆ ಪಟ್ಟಿಯಿಂದ ತೆಗೆದುಹಾಕಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಉತ್ತರದ ಕಡೆ ಒಂದು ಹಳೆಯ ಡಾಕ್ ಮುಚ್ಚಿ ಸ್ಟೇಡಿಯಂ ಕಟ್ಟಲು ಅನುಮತಿ ಕೊಟ್ಟಿದ್ದು. ಅಂದರೆ ಡಾಕ್ ಮುಚ್ಚಿ ಕಟ್ಟಿದ್ದಕ್ಕೆ ಬಂದ ಬಿರುದು, ಡಾಕ್ ಮುಚ್ಚಹೊರಟಿದ್ದಕ್ಕೇ ಹೋಯಿತು! ಇದು ತಮಾಷೆಯಂತೆ ಕಂಡರೂ ಹಿಂದೆ ಮುನ್ನೂರು ವರ್ಷದ ಕತೆ ಇದೆ.

ಇದೆಲ್ಲ ಶುರುವಾಗಿದ್ದು ಮರ್ಸಿ ನದಿಯ ಕಾಟದಿಂದ. ಅಲ್ಲಿ ಉಬ್ಬರ ಇಳಿತದ ಅಂತರ 10 ಮೀಟರ್ ತನಕ ಹೋಗುತ್ತದೆ. ಉಬ್ಬರದಲ್ಲಿ ತೇಲುತ್ತಿದ್ದ ಹಡಗು ಕೆಲವೇ ಗಂಟೆಗಳಲ್ಲಿ ಕೆಸರಿನ ಮೇಲೆ ಕೂತಿರುತ್ತಿತ್ತು. ಸರಕು ಇಳಿಸುವುದು ಹೇಗೆ? ಥಾಮಸ್ ಸ್ಟೀರ್ಸ್ ಎಂಬ ಎಂಜಿನಿಯರ್ ಒಂದು ಉಪಾಯ ಮಾಡಿದ. ದಡದಲ್ಲಿ ದೊಡ್ಡ ಕೊಳದಂಥದ್ದನ್ನು ಕಟ್ಟಿ ಬಾಗಿಲು ಇಟ್ಟ. ಉಬ್ಬರದಲ್ಲಿ ಹಡಗು ಒಳಗೆ ಬಂದ ಮೇಲೆ ಬಾಗಿಲು ಹಾಕಿದರೆ ಆಯಿತು, ನದಿ ಇಳಿದರೂ ಒಳಗಿನ ನೀರು ಇಳಿಯುವುದಿಲ್ಲ. 1715ರಲ್ಲಿ ತೆರೆದ ಈ ಓಲ್ಡ್ ಡಾಕ್, ವ್ಯಾಪಾರಕ್ಕೆಂದು ಕಟ್ಟಿದ ಇಂಥ ಡಾಕ್‌ಗಳಲ್ಲಿ ಜಗತ್ತಿನಲ್ಲೇ ಮೊದಲನೆಯದು.

ಅದರ ಗತಿ ಏನಾಯಿತು ನೋಡಿ. ಹಡಗುಗಳು ದೊಡ್ಡವಾದವು, ಡಾಕ್ ಸಾಲದಾಯಿತು. 1826ರಲ್ಲಿ ಮುಚ್ಚಿದರು. ಮೇಲೆ ಭರ್ಜರಿ ಕಸ್ಟಮ್ಸ್ ಹೌಸ್ ಕಟ್ಟಿದರು. 1941ರಲ್ಲಿ ಜರ್ಮನ್ ಬಾಂಬು ಬಿದ್ದು ಅದು ಹಾಳಾಯಿತು, ಯುದ್ಧ ಮುಗಿದ ಮೇಲೆ ಉಳಿದಿದ್ದನ್ನೂ ಕೆಡವಿದರು. ಈಗ ಅಲ್ಲಿರುವುದು 2008ರಲ್ಲಿ ತೆರೆದ ಲಿವರ್‌ಪೂಲ್ ಒನ್ ಎಂಬ ಶಾಪಿಂಗ್ ಪ್ರದೇಶ. ಅದಕ್ಕೆ ಮುಂಚೆ ನಡೆದ ಉತ್ಖನನದಲ್ಲಿ ಡಾಕಿನ ಇಟ್ಟಿಗೆ ಗೋಡೆ ಸಿಕ್ಕಿತು. ನೆಲದಲ್ಲಿ ಒಂದು ದುಂಡನೆಯ ಗಾಜು ಕೂರಿಸಿದ್ದಾರೆ, ಬಗ್ಗಿದರೆ ಕೆಳಗೆ ಗೋಡೆ ಕಾಣುತ್ತದೆ. ಶಾಪಿಂಗ್ ಬ್ಯಾಗ್ ಹಿಡಿದು ಓಡಾಡುವವರಲ್ಲಿ ಹೆಚ್ಚಿನವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

ಆ ಗಾಜಿನ ಕೆಳಗಿನ ಗೋಡೆಗೆ ಎಂಥ ಹಡಗುಗಳು ಬಂದು ನಿಲ್ಲುತ್ತಿದ್ದವು ಅನ್ನುವುದನ್ನೂ ಹೇಳಬೇಕು. 18ನೇ ಶತಮಾನ ಮುಗಿಯುವ ಹೊತ್ತಿಗೆ ಯುರೋಪಿನ ಗುಲಾಮ ವ್ಯಾಪಾರದಲ್ಲಿ ಲಿವರ್‌ಪೂಲ್ ಎಲ್ಲರಿಗಿಂತ ಮುಂದಿತ್ತು. ಇಲ್ಲಿಂದ ಹೊರಟ ಹಡಗುಗಳು ಸುಮಾರು 15 ಲಕ್ಷ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸಿದವು. 1807ರಲ್ಲಿ ಬ್ರಿಟನ್ ಈ ವ್ಯಾಪಾರ ನಿಷೇಧಿಸುವ ಹೊತ್ತಿಗೆ ಊರು ಶ್ರೀಮಂತವಾಗಿತ್ತು. ಟೌನ್ ಹಾಲ್‌ನ ಹೊರಗೋಡೆಯ ಮೇಲ್ಭಾಗದ ಕೆತ್ತನೆಯಲ್ಲಿ ಆನೆ, ಮೊಸಳೆಗಳ ಜೊತೆ ಆಫ್ರಿಕನ್ನರ ಮುಖಗಳೂ ಇವೆ. ಯಾವುದನ್ನೂ ಮುಚ್ಚಿಟ್ಟಿಲ್ಲ. ಆ ಕಾಲದವರಿಗೆ ಅದು ನಾಚಿಕೆಯ ವಿಷಯವೇ ಆಗಿರಲಿಲ್ಲ ಅನ್ನಿಸುತ್ತದೆ.

ಗುಲಾಮರ ನಂತರ ಹತ್ತಿ. ಇಲ್ಲಿ ನಮ್ಮ ಕಡೆಯ ಹೆಸರೂ ಬರುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ಲಿವರ್‌ಪೂಲ್ ಸುತ್ತಲಿನ ಲ್ಯಾಂಕಶೈರ್ ಸೀಮೆಯ ಬಟ್ಟೆ ಗಿರಣಿಗಳು ಭಾರತದ ಕಡೆ ತಿರುಗಿದವು. ಧಾರವಾಡ ಸೀಮೆಯಲ್ಲಿ ಅಮೆರಿಕನ್ ಬೀಜದಿಂದ ಬೆಳೆದ ಹತ್ತಿಗೆ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ 'ಧಾರವಾಡ' ಅನ್ನುವ ಹೆಸರಿನಲ್ಲೇ ದರ ಕೂಗುತ್ತಿದ್ದರು. ಕಾರವಾರ ಬಂದರನ್ನು ಬೆಳೆಸಬೇಕೆಂದು ಆಗ ಅಷ್ಟು ಒತ್ತಾಯ ಬಂದಿದ್ದೂ ಈ ಹತ್ತಿಯ ಸಲುವಾಗಿಯೇ. ಮುಂದೆ ಓಲ್ಡ್ ಹಾಲ್ ಸ್ಟ್ರೀಟ್‌ನಲ್ಲಿ 1906ರಲ್ಲಿ ಕಟ್ಟಿದ ಕಾಟನ್ ಎಕ್ಸ್‌ಚೇಂಜ್ ಈಗಲೂ ಇದೆ, ಆದರೆ ಅದರ ಅದ್ಧೂರಿ ಮುಂಭಾಗವನ್ನು 1960ರ ದಶಕದಲ್ಲಿ ಒಡೆದು ಸಾದಾ ಆಫೀಸ್ ಮುಖ ಕೊಟ್ಟರು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಡೆಯುವುದು ಈ ಊರಿಗೆ ಅಭ್ಯಾಸವಾಗಿಬಿಟ್ಟಿತ್ತು. ಡಾಕ್‌ಗಳ ಉದ್ದಕ್ಕೂ ಕಂಬಗಳ ಮೇಲೆ ಓಡುತ್ತಿದ್ದ ಓವರ್‌ಹೆಡ್ ರೈಲ್ವೆ 1893ರದ್ದು. ಎತ್ತರದ ಹಳಿಯ ಮೇಲೆ ವಿದ್ಯುತ್ತಿನಿಂದ ಓಡಿದ ರೈಲುಗಳಲ್ಲಿ ಜಗತ್ತಿನ ಮೊದಲನೆಯದು. ಮಳೆ ಬಂದರೆ ಕಾರ್ಮಿಕರು ಅದರ ಕೆಳಗೇ ನಡೆದುಹೋಗುತ್ತಿದ್ದರು, ಹಾಗಾಗಿ 'ಡಾಕಿನವರ ಕೊಡೆ' ಅಂತಲೇ ಕರೆಯುತ್ತಿದ್ದರು. ತುಕ್ಕು ಹಿಡಿಯಿತು, ರಿಪೇರಿಗೆ ದುಡ್ಡಿಲ್ಲ ಅಂತ 1950ರ ದಶಕದ ಕೊನೆಗೆ ಕಳಚಿ ಹಾಕಿದರು. ಬೀಟಲ್ಸ್ ಸುಮಾರು 300 ಸಲ ಹಾಡಿದ ಕ್ಯಾವರ್ನ್ ಕ್ಲಬ್ಬನ್ನೂ ಬಿಡಲಿಲ್ಲ. ನೆಲದಡಿಯ ರೈಲಿಗೆ ಗಾಳಿಕಿಂಡಿ ಬೇಕು ಅಂತ 1973ರಲ್ಲಿ ಮುಚ್ಚಿಸಿದರು. ಆ ಗಾಳಿಕಿಂಡಿ ಕೊನೆಗೂ ಆಗಲೇ ಇಲ್ಲ! ಇವತ್ತು ಮ್ಯಾಥ್ಯೂ ಸ್ಟ್ರೀಟ್‌ನಲ್ಲಿ ಜನ ಸೆಲ್ಫಿ ತೆಗೆದುಕೊಳ್ಳುವ ಕ್ಯಾವರ್ನ್, ಹಳೆಯ ಇಟ್ಟಿಗೆ ಸ್ವಲ್ಪ ಬಳಸಿ 1984ರಲ್ಲಿ ಮತ್ತೆ ಕಟ್ಟಿದ್ದು.

ಹಾಗಾದರೆ ಆಲ್ಬರ್ಟ್ ಡಾಕ್ ಹೇಗೆ ಉಳಿಯಿತು? ಊರಿನಲ್ಲಿ ಒಂದೇ ಜಾಗ ನೋಡಲು ಸಮಯವಿದೆ ಅಂದರೆ ನಾನು ಇದನ್ನೇ ಹೇಳುತ್ತೇನೆ. ನೀರಿನ ಸುತ್ತ ನಾಲ್ಕೂ ಕಡೆ ಐದು ಮಹಡಿಯ ಕೆಂಪಿಟ್ಟಿಗೆ ಗೋದಾಮುಗಳು. ನೀರಿನಂಚಿನಲ್ಲಿ ಒಬ್ಬರ ತೋಳಿಗೆ ಸಿಗದಷ್ಟು ದಪ್ಪನೆಯ ಎರಕದ ಕಬ್ಬಿಣದ ಕಂಬಗಳ ಸಾಲು. ಜೆಸ್ಸಿ ಹಾರ್ಟ್ಲಿ ಎಂಬ ಎಂಜಿನಿಯರ್ ಇದನ್ನು ಕಬ್ಬಿಣ, ಇಟ್ಟಿಗೆ, ಕಲ್ಲಿನಲ್ಲೇ ಕಟ್ಟಿದ. ಭಾರ ಹೊರುವ ಜಾಗದಲ್ಲಿ ಎಲ್ಲೂ ಮರ ಇಲ್ಲ. ಆಗ ಗೋದಾಮುಗಳಿಗೆ ಬೆಂಕಿ ಬೀಳುವುದು ಮಾಮೂಲಾಗಿತ್ತು, ಅದಕ್ಕೇ ಈ ಹಠ. ಹಡಗಿನಿಂದ ಸರಕನ್ನು ನೇರ ಗೋದಾಮಿಗೇ ಎತ್ತಿ ಹಾಕಬಹುದಿತ್ತು, ಮಧ್ಯೆ ಗಾಡಿ ಬೇಕಿರಲಿಲ್ಲ. 1846ರಲ್ಲಿ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಬಂದು ಉದ್ಘಾಟಿಸಿದ.

ದುರದೃಷ್ಟಕ್ಕೆ ಹಾಯಿಹಡಗಿನ ಅಳತೆಗೆ ಕಟ್ಟಿದ್ದು. ಉಗಿಹಡಗುಗಳು ದೊಡ್ಡವಾಗುತ್ತಾ ಹೋದಂತೆ ಒಳಗೆ ಬರಲು ಬಾಗಿಲೇ ಸಾಲಲಿಲ್ಲ. 1920ರ ಹೊತ್ತಿಗೇ ಹಡಗುಗಳ ಓಡಾಟ ಹೆಚ್ಚುಕಡಿಮೆ ನಿಂತಿತ್ತು, 1972ರಲ್ಲಿ ಪೂರ್ತಿ ಬಾಗಿಲು ಹಾಕಿತು. ನೀರಿದ್ದ ಜಾಗದಲ್ಲಿ ಹೂಳು ತುಂಬಿತು. ಕೆಡವಿ ಬೇರೆ ಏನಾದರೂ ಕಟ್ಟೋಣ ಅನ್ನುವ ಯೋಜನೆಗಳು ಒಂದಾದ ಮೇಲೆ ಒಂದು ಬಂದವು. ಯಾವುದಕ್ಕೂ ದುಡ್ಡು ಕೂಡಿ ಬರಲಿಲ್ಲ. ಕಂಟೇನರ್ ಹಡಗುಗಳು ಬಂದು ಹಳೆಯ ಡಾಕ್‌ಗಳ ಕೆಲಸ ಹೋಗಿತ್ತು, 1930ರ ದಶಕದಲ್ಲಿ ಎಂಟೂವರೆ ಲಕ್ಷ ಇದ್ದ ಜನಸಂಖ್ಯೆ ಕುಸಿಯುತ್ತಲೇ ಇತ್ತು, ಹಣ ಹಾಕುವವರು ಯಾರು? ಬಡತನವೇ ಆಲ್ಬರ್ಟ್ ಡಾಕನ್ನು ಕಾಯಿತು ಅನ್ನಬಹುದು. 1981ರಲ್ಲಿ ಟಾಕ್ಸ್‌ಟೆತ್ ಬಡಾವಣೆಯಲ್ಲಿ ಗಲಭೆ ಎದ್ದು ಊರು ಹೊತ್ತಿ ಉರಿಯಿತು. ಅದೇ ವರ್ಷ ಸರ್ಕಾರ ರಚಿಸಿದ ಅಭಿವೃದ್ಧಿ ನಿಗಮ ಹೂಳು ತೆಗೆಸಿತು. 1988ರಲ್ಲಿ ಟೇಟ್ ಕಲಾ ಗ್ಯಾಲರಿಯ ಜೊತೆ ಡಾಕ್ ಮತ್ತೆ ತೆರೆಯಿತು. ಗುಲಾಮಗಿರಿಯ ಇತಿಹಾಸ ಹೇಳುವ ಮ್ಯೂಸಿಯಂ 2007ರಲ್ಲಿ ಇಲ್ಲೇ ಶುರುವಾಯಿತು. ಈಚೆಗೆ ಟೇಟ್, ಈ ಮ್ಯೂಸಿಯಂ ಎರಡನ್ನೂ ದೊಡ್ಡ ನವೀಕರಣಕ್ಕಾಗಿ ಮುಚ್ಚಿದ್ದಾರೆ, ಹಾಗಾಗಿ ಹೋಗುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.

2004ರಲ್ಲಿ ಯುನೆಸ್ಕೊ ಬಿರುದು ಬಂತು. ಆಲ್ಬರ್ಟ್ ಡಾಕ್, ಪಿಯರ್ ಹೆಡ್, ಕ್ಯಾಸಲ್ ಸ್ಟ್ರೀಟ್ ಸುತ್ತಲಿನ ವ್ಯಾಪಾರ ಬೀದಿಗಳು, ಸೇಂಟ್ ಜಾರ್ಜಸ್ ಹಾಲ್ ಇರುವ ಪ್ರದೇಶ, ಉತ್ತರದ ಸ್ಟ್ಯಾನ್ಲಿ ಡಾಕ್ ಕಡೆ, ಹೀಗೆ ಆರು ಭಾಗಗಳು ಅದರಲ್ಲಿದ್ದವು. (ಊರಿನ ಎರಡು ದೊಡ್ಡ ಕೆಥೆಡ್ರಲ್‌ಗಳು ಇದರಲ್ಲಿ ಇರಲಿಲ್ಲ. ಆದರೂ ನೋಡಿ. ಕ್ಯಾಥೊಲಿಕ್ ಕೆಥೆಡ್ರಲ್‌ನ ನೆಲಮಾಳಿಗೆ ಹೊಸದಿಲ್ಲಿ ಕಟ್ಟಿದ ಲುಟಿಯನ್ಸ್‌ನ ವಿನ್ಯಾಸ. ದುಡ್ಡು ಸಾಲದೆ ಅವನ ಯೋಜನೆ ಅಷ್ಟಕ್ಕೇ ನಿಂತಿತು.) 2008ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಅನ್ನುವ ಗೌರವವೂ ಸೇರಿತು. ಪ್ರವಾಸಿಗರು ಬಂದರು, ಹೋಟೆಲ್‌ಗಳು ಎದ್ದವು, ಜೊತೆಗೆ ಕಟ್ಟುವವರ ಕಣ್ಣೂ ಬಿತ್ತು.

ಪೀಲ್ ಕಂಪನಿ 'ಲಿವರ್‌ಪೂಲ್ ವಾಟರ್ಸ್' ಎಂಬ ಯೋಜನೆ ಮುಂದಿಟ್ಟಿತು. 550 ಕೋಟಿ ಪೌಂಡ್, ಪಾಳುಬಿದ್ದ ಉತ್ತರದ ಡಾಕ್‌ಗಳ 60 ಹೆಕ್ಟೇರ್ ಜಾಗ, ಗಗನಚುಂಬಿ ಕಟ್ಟಡಗಳು. ಶಾಂಘೈ ಟವರ್ ಅನ್ನುವ 55 ಮಹಡಿಯ ಗೋಪುರವೂ ಅದರಲ್ಲಿತ್ತು. ತ್ರೀ ಗ್ರೇಸಸ್ ಪಕ್ಕ ಇವೆಲ್ಲ ಎದ್ದರೆ ನದಿಯಿಂದ ಕಾಣುವ ಊರಿನ ಮುಖವೇ ಬದಲಾಗುತ್ತದೆ ಅಂತ ಯುನೆಸ್ಕೊ ಎಚ್ಚರಿಸಿತು. 2012ರ ಮಾರ್ಚ್‌ನಲ್ಲಿ ನಗರಸಭೆ ಒಪ್ಪಿಗೆ ಕೊಟ್ಟೇಬಿಟ್ಟಿತು. ಜೂನ್‌ನಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ಯುನೆಸ್ಕೊ ಸಮಿತಿಯ ಸಭೆ ಲಿವರ್‌ಪೂಲನ್ನು ಅಪಾಯದ ಪಟ್ಟಿಗೆ, ಅಂದರೆ ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೆ, ಸೇರಿಸಿತು. ನಮ್ಮ ಪಶ್ಚಿಮ ಘಟ್ಟಗಳಿಗೆ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿದ್ದೂ ಅದೇ ಸಭೆಯಲ್ಲಿ.

ಅಪಾಯದ ಪಟ್ಟಿ ಅಂದರೆ ಏನೆಂದು ಕರ್ನಾಟಕಕ್ಕೆ ಗೊತ್ತಿಲ್ಲದ್ದೇನಲ್ಲ. 1999ರಲ್ಲಿ ಹಂಪಿಯೂ ಅದೇ ಪಟ್ಟಿಗೆ ಹೋಗಿತ್ತು. ಕಾರಣ ತುಂಗಭದ್ರೆಗೆ ಅಡ್ಡಲಾಗಿ ಆನೆಗೊಂದಿ ಕಡೆಗೆ ಕಟ್ಟುತ್ತಿದ್ದ ಸೇತುವೆ. ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದವರಿಗೆ ಸೇತುವೆ ಬೇಕಿತ್ತು, ಸ್ಮಾರಕಗಳ ನಡುವೆ ಲಾರಿ ಓಡುವುದು ಯುನೆಸ್ಕೊಗೆ ಬೇಡವಾಗಿತ್ತು. ಕೆಲಸ ನಿಂತಿತು, ಉಳಿದ ವ್ಯವಸ್ಥೆಗಳು ಸುಧಾರಿಸಿದವು, 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಮುಂದೆ 2009ರಲ್ಲಿ ಆ ಸೇತುವೆ ಕುಸಿದು ಜೀವಹಾನಿಯಾಯಿತು. ನಾವು ಬಿರುದು ಉಳಿಸಿಕೊಂಡೆವು, ಹೊಳೆಯಾಚೆಯವರು ಕಾದರು.

ಲಿವರ್‌ಪೂಲ್ ಉಲ್ಟಾ ದಾರಿ ಹಿಡಿಯಿತು. 2021ರ ಫೆಬ್ರವರಿಯಲ್ಲಿ ಎವರ್ಟನ್ ಫುಟ್ಬಾಲ್ ಕ್ಲಬ್‌ನ ಹೊಸ ಸ್ಟೇಡಿಯಂಗೆ ನಗರಸಭೆ ಅನುಮತಿ ಕೊಟ್ಟಿತು. ಜಾಗ, ಹಾರ್ಟ್ಲಿಯೇ ಕಟ್ಟಿ 1848ರಲ್ಲಿ ತೆರೆದ ಬ್ರಾಮ್ಲಿ ಮೂರ್ ಡಾಕ್. ಕೆಲವೇ ತಿಂಗಳಲ್ಲಿ ಯುನೆಸ್ಕೊ ಸಮಿತಿ ಗುಪ್ತ ಮತದಾನ ಮಾಡಿತು. ತೆಗೆಯಬೇಕು ಅಂದವರು 13, ಬೇಡ ಅಂದವರು 5. ಒಮಾನಿನ ಓರಿಕ್ಸ್ ಅಭಯಾರಣ್ಯ 2007ರಲ್ಲಿ, ಜರ್ಮನಿಯ ಡ್ರೆಸ್ಡನ್ ಕಣಿವೆ 2009ರಲ್ಲಿ ಪಟ್ಟಿಯಿಂದ ಹೋಗಿದ್ದವು. ಲಿವರ್‌ಪೂಲ್ ಮೂರನೆಯದು. ಡ್ರೆಸ್ಡನ್‌ನಲ್ಲೂ ಗಲಾಟೆ ಒಂದು ಸೇತುವೆಯ ಬಗ್ಗೆಯೇ, ಅಲ್ಲಿನ ಜನ ಮತ ಹಾಕಿ ಸೇತುವೆ ಬೇಕು ಅಂದಿದ್ದರು.

ಯಾರದ್ದು ಸರಿ? ಗೋಪುರಗಳ ವಿಷಯದಲ್ಲಿ ಯುನೆಸ್ಕೊ ಹೇಳಿದ್ದರಲ್ಲಿ ಹುರುಳಿತ್ತು ಅನ್ನಿಸುತ್ತದೆ. ಮರ್ಸಿ ಫೆರಿಯಲ್ಲಿ ಆಚೆ ದಡಕ್ಕೆ ಹೋಗಿ ತಿರುಗಿ ನೋಡಿದರೆ ಗೊತ್ತಾಗುತ್ತದೆ, ಆ ಮೂರು ಕಟ್ಟಡಗಳ ಗತ್ತು ಇರುವುದೇ ಸುತ್ತಲಿನ ಬಯಲಿನಿಂದ. ಪಕ್ಕದಲ್ಲಿ ಈಗಾಗಲೇ ಎದ್ದಿರುವ ಕರಿಗಲ್ಲಿನ ಓರೆಕೋರೆ ಕಟ್ಟಡಗಳು ಆ ನೋಟವನ್ನು ಸಾಕಷ್ಟು ಕೆಡಿಸಿವೆ. ಆದರೆ ಸ್ಟೇಡಿಯಂ ವಿಷಯ ಬೇರೆ. ಇಂಗ್ಲೆಂಡಿನಲ್ಲೇ ತೀರಾ ಬಡವರಿರುವ ಬಡಾವಣೆಗಳ ಪಕ್ಕ, ಎತ್ತರದ ಗೋಡೆಯ ಹಿಂದೆ ಬಿದ್ದಿದ್ದ ಆ ಡಾಕನ್ನು ಹೊರಗಿನವರಿರಲಿ, ಊರಿನವರೂ ಹೋಗಿ ನೋಡುವಂತಿರಲಿಲ್ಲ. ಹಡಗೂ ಇಲ್ಲ, ಜನರೂ ಇಲ್ಲ. ಅಲ್ಲಿ ಏನೂ ಮಾಡಬೇಡಿ ಅನ್ನುವುದು ಸುಲಭ, ಏನು ಮಾಡಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ.

ಡಾಕಿಗೆ ಐರಿಷ್ ಸಮುದ್ರದ ತಳದ ಮರಳು ತಂದು ತುಂಬಿದರು. ಹಳೆಯ ಗೋಡೆಗಳನ್ನು ಒಳಗೇ ಉಳಿಸಿಕೊಂಡರು. 1883ರ ಹೈಡ್ರಾಲಿಕ್ ಯಂತ್ರದ ಮನೆ, ಅದರ ಗೋಪುರ ಸಮೇತ, ಸ್ಟೇಡಿಯಂ ಪಕ್ಕ ಹಾಗೇ ನಿಂತಿದೆ. 2025ರ ಆಗಸ್ಟ್‌ನಲ್ಲಿ ಮೊದಲ ಲೀಗ್ ಪಂದ್ಯ ನಡೆಯಿತು. 52,000ಕ್ಕೂ ಜಾಸ್ತಿ ಸೀಟುಗಳಿವೆ.

ಪಿಯರ್ ಹೆಡ್‌ನಿಂದ ನದಿಯ ಗುಂಟ ಉತ್ತರಕ್ಕೆ ಸುಮಾರು ಮೂರು ಕಿಲೋಮೀಟರ್ ನಡೆದರೆ ಅಲ್ಲಿಗೆ ತಲುಪುತ್ತೀರಿ. ಪ್ರವಾಸಿ ಬಸ್ಸಿಗಿಂತ ಈ ನಡಿಗೆಯೇ ಚೆಂದ. ದಾರಿಯುದ್ದಕ್ಕೂ ಹಾರ್ಟ್ಲಿ ಕಟ್ಟಿಸಿದ ಗ್ರಾನೈಟ್ ಗೋಡೆ ಸಿಗುತ್ತದೆ. ದೊಡ್ಡ ಕಲ್ಲು, ಸಣ್ಣ ಕಲ್ಲು, ಮೂಲೆ ಮುರಿದ ಕಲ್ಲು ಎಲ್ಲವನ್ನೂ ಹೇಗೋ ಹೊಂದಿಸಿ ಕೂಡಿಸಿದ್ದಾರೆ, ಸಂದಿಯಲ್ಲಿ ಉಗುರು ತೂರಿಸುವುದೂ ಕಷ್ಟ. ಸ್ಟ್ಯಾನ್ಲಿ ಡಾಕ್‌ನಲ್ಲಿ 2 ಕೋಟಿ 70 ಲಕ್ಷ ಇಟ್ಟಿಗೆಯ ತಂಬಾಕು ಗೋದಾಮು ಇದೆ, ಈಗ ಅದರೊಳಗೆ ಫ್ಲಾಟ್‌ಗಳಾಗಿವೆ. ಎದುರಿನ ಗೋದಾಮು ಹೋಟೆಲ್ ಆಗಿದೆ.

ಬಿರುದು ಹೋದರೂ ಆಲ್ಬರ್ಟ್ ಡಾಕ್‌ಗೂ ಲಿವರ್ ಬಿಲ್ಡಿಂಗ್‌ಗೂ ಬ್ರಿಟಿಷ್ ಕಾನೂನಿನ ಅತಿ ಎತ್ತರದ ರಕ್ಷಣೆ ಹಾಗೇ ಇದೆ, ಅವನ್ನು ಕಾಯುತ್ತಿದ್ದುದು ಮೊದಲಿಂದಲೂ ಅದೇ. ಇನ್ನು, ಇಷ್ಟೆಲ್ಲ ರಂಪಕ್ಕೆ ಕಾರಣವಾದ 55 ಮಹಡಿಯ ಶಾಂಘೈ ಟವರ್ ಇವತ್ತಿಗೂ ಕಾಗದದ ಮೇಲೇ ಇದೆ.