ಹೊಳೆಗೆ ಮುನ್ಸೂಚನೆ ಇದೆ, ಹಳ್ಳಕ್ಕೆ ಯಾಕಿಲ್ಲ?

ಪ್ರಶ್ನೆ: ಕಾವೇರಿಯಲ್ಲಿ ನೀರು ಏರುತ್ತದೆ ಎಂದು ಮುಂಚೆಯೇ ಹೇಳುತ್ತಾರೆ. ನಮ್ಮ ತೋಟದ ಬದಿಯ ಹಳ್ಳ ಉಕ್ಕುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಯಾಕೆ?

ದೊಡ್ಡ ಹೊಳೆಯಲ್ಲಿ ನೀರೇ ಸುದ್ದಿ ತರುತ್ತದೆ. ಮೇಲಿನ ಊರಿನಲ್ಲಿ ಮಟ್ಟ ಏರಿದರೆ, ಆ ನೀರು ಕೆಳಗಿನ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಕೇಂದ್ರ ಜಲ ಆಯೋಗದವರು ಲೆಕ್ಕ ಹಾಕುತ್ತಾರೆ. ಹಳ್ಳಕ್ಕೆ ಈ ಉಪಾಯ ನಡೆಯುವುದಿಲ್ಲ. ಗುಡ್ಡದ ನೆತ್ತಿಗೆ ಬಿದ್ದ ಮಳೆ ಅರ್ಧ-ಮುಕ್ಕಾಲು ಗಂಟೆಯಲ್ಲೇ ನಿಮ್ಮ ಕಾಲುಸಂಕದ ಕೆಳಗೆ ಬಂದಿರಬಹುದು. ಮಟ್ಟ ಅಳೆದು ಫೋನ್ ಮಾಡುವಷ್ಟರಲ್ಲಿ ಸಂಕವೇ ಇರುವುದಿಲ್ಲ!

ಎಷ್ಟು ನೀರು ಅಂತೀರಾ? 1 ಚದರ ಕಿ.ಮೀ. ಜಾಗಕ್ಕೆ 1 ಮಿ.ಮೀ. ಮಳೆ ಅಂದರೆ 10 ಲಕ್ಷ ಲೀಟರ್. ಹಳ್ಳಕ್ಕೆ ನೀರಿಳಿಸುವ ಗುಡ್ಡಗಳೆಲ್ಲ ಸೇರಿ 10 ಚದರ ಕಿ.ಮೀ. ಅಂದುಕೊಳ್ಳಿ. ಒಂದು ಗಂಟೆಯಲ್ಲಿ 50 ಮಿ.ಮೀ. ಸುರಿದರೆ 50 ಕೋಟಿ ಲೀಟರ್! ಜೂನ್ ಮೊದಲ ವಾರವಾದರೆ ಒಣ ಮಣ್ಣು ಒಂದಷ್ಟು ಕುಡಿಯುತ್ತದೆ. ಆಗಸ್ಟ್‌ ಹೊತ್ತಿಗೆ ಅದರ ಹೊಟ್ಟೆ ತುಂಬಿರುತ್ತದೆ, ಬಿದ್ದದ್ದರಲ್ಲಿ ಬಹುಪಾಲು ಹಳ್ಳಕ್ಕೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದೂ ಹೀಗೆ ನೆನೆದ ಮಣ್ಣಿನ ಮೇಲೆ ಮತ್ತೆ ಸುರಿದ ಮಳೆಗೆ.

ಹಾಗಾಗಿ ಇಲ್ಲಿ ಲೆಕ್ಕ ಶುರುವಾಗುವುದು ಮಣ್ಣಿನಿಂದ. ಅದು ಈಗ ಎಷ್ಟು ಒದ್ದೆ? ಇನ್ನೆಷ್ಟು ಮಿ.ಮೀ. ಬಿದ್ದರೆ ಹಳ್ಳ ದಡ ಮೀರುತ್ತದೆ? ಹವಾಮಾನ ಇಲಾಖೆ 2020ರ ಅಕ್ಟೋಬರ್‌ನಲ್ಲಿ ಇಂಥ ದಿಢೀರ್ ಪ್ರವಾಹದ ಸೂಚನೆ ಶುರುಮಾಡಿತು. ನಮಗೂ, ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾಗಳಿಗೂ ಅದೇ ವ್ಯವಸ್ಥೆ. 24 ಗಂಟೆ ಮೊದಲು ಒಂದು ಸೂಚನೆ, 6 ಗಂಟೆ ಮೊದಲು ಇನ್ನೊಂದು. ಆದರೆ ಅದರ ಲೆಕ್ಕ 4 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ಚೌಕದ್ದು. ಪಕ್ಕದ ಗುಡ್ಡಕ್ಕೆ ಸುರಿದು ನಿಮ್ಮದನ್ನು ಬಿಟ್ಟು ಹೋಗುವ ಮಳೆ ಮಲೆನಾಡಿಗೆ ಹೊಸದೇನಲ್ಲ, ಅಲ್ವಾ? ಮಳೆ ಎಲ್ಲಿ ಸುರಿಯುತ್ತಿದೆ ಎಂದು ದೂರದಿಂದ ನೋಡುವ ರೇಡಾರ್‌ಗೂ ಗುಡ್ಡಗಳೇ ಅಡ್ಡ.

ನನ್ನ ಕೇಳಿದರೆ, ನಿಮ್ಮ ತೋಟದ ಮಳೆಮಾಪಕ ಇದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಕಾಫಿ ತೋಟದವರು ದಿನಾ ಬೆಳಿಗ್ಗೆ ಮಳೆಯ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರಲ್ಲ, ಜೋರು ಮಳೆಯ ದಿನ ಅದನ್ನೇ ಗಂಟೆಗೊಮ್ಮೆ ಬರೆಯಿರಿ. ಹಳ್ಳ ಉಕ್ಕಿದ ದಿನ ಗುರುತು ಹಾಕಿಡಿ, ಹಿಂದಿನ ಮೂರು ದಿನದ ಮಳೆಯನ್ನೂ ಸೇರಿಸಿ. ಕೆಲವು ಮಳೆಗಾಲ ಕಳೆದರೆ ನಿಮ್ಮ ಹಳ್ಳದ ಮಿತಿ ಅಂದಾಜಿಗೆ ಸಿಗುತ್ತದೆ. ಗುಡ್ಡದ ಮೇಲಿನ ಮನೆಯವರ ಫೋನ್ ನಂಬರೂ ಇರಲಿ.

ಇನ್ನೊಂದು. ಮಳೆ ಸುರಿಯುತ್ತಲೇ ಇದ್ದು ಹಳ್ಳ ಮಾತ್ರ ಸಟ್ಟನೆ ಇಳಿದರೆ ಖುಷಿಪಡಬೇಡಿ. ಮೇಲೆಲ್ಲೋ ಮಣ್ಣು ಜರಿದು, ಮರ ಬಿದ್ದು ನೀರು ಕಟ್ಟಿಕೊಂಡಿರಬಹುದು. ಒಡೆದರೆ ಎಲ್ಲ ಒಟ್ಟಿಗೇ ಬರುತ್ತದೆ. ಪಂಪ್‌ಸೆಟ್ ಎತ್ತಿಡುವುದಕ್ಕೆ ಅಂತ ಆಗ ಹಳ್ಳಕ್ಕೆ ಇಳಿಯಲೇಬೇಡಿ.